ಲಕ್ಷ್ಮಿಯ ಮೂಗಿನ ಮೇಲಿನ ಚುಕ್ಕೆ

ಸೇಡಂನಲ್ಲಿ ನನ್ನದೊಂದು ಸಣ್ಣ ಬೆಳ್ಳಿ ಅಂಗಡಿ. ಕಾಲುಂಗುರ, ಲಿಂಗದ ಕರಡಿಗೆ ಮಾರುವಷ್ಟು ದಿನ ಗಿರಾಕಿಗಳು ತೂಕ ಕೇಳಿ ಸುಮ್ಮನಾಗುತ್ತಿದ್ದರು. ಸಂಗ್ರಹಕ್ಕಿಡುವ ನಾಣ್ಯ ತರಿಸತೊಡಗಿದ ಮೇಲೆ ದಿನಕ್ಕೊಂದು ತಕರಾರು. ಇದು ಒಂದೇ ನಾಣ್ಯದ ಪಾಡು.

೧. ಭೂತಗನ್ನಡಿ

ಚಿತ್ತಾಪುರದ ನಿವೃತ್ತ ಮಾಸ್ತರರು ವರ್ಷಕ್ಕೊಂದರಂತೆ ಲಕ್ಷ್ಮಿ ನಾಣ್ಯ ಕೂಡಿಡುವವರು. ಅವರ ಸಾಲಿನಲ್ಲಿ ಒಂದು ವರ್ಷದ್ದು ಮಾತ್ರ ಇರಲಿಲ್ಲ. ಹುಡುಕಾಡಿ ತರಿಸಿಕೊಟ್ಟೆ. ನಾಣ್ಯವಿದ್ದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಭೂತಗನ್ನಡಿ ಹಿಡಿದು ಕಾಲು ತಾಸು ನೋಡಿದರು.

"ಲಕ್ಷ್ಮಿ ಮೂಗಿನ ಮ್ಯಾಲ ಬಿಳಿ ಚುಕ್ಕಿ ಅದ ರೀ."

"ಟಂಕಸಾಲೆಯಿಂದ ಹಾಂಗೇ ಬರ್ತಾವ ಸರ್. ಬರೇ ಕಣ್ಣಿಗಿ ಕಾಣಂಗಿಲ್ಲ."

"ನನಗ ಕಂಡದಲ್ಲ," ಎಂದು ಎದ್ದು ಹೋದರು.

೨. ನಾದ

ಚಿಂಚೋಳಿಯ ಅಮ್ಮನವರೊಬ್ಬರು ಪೂಜೆಗೆಂದು ಅದೇ ನಾಣ್ಯ ಕೇಳಿದರು. ಚುಕ್ಕೆಯ ಗೊಡವೆ ಅವರಿಗಿರಲಿಲ್ಲ. ನಾನು ಬೇಡವೆನ್ನುವಷ್ಟರಲ್ಲಿ ಉಗುರಿನಿಂದ ಡಬ್ಬಿ ತೆರೆದು, ನಾಣ್ಯವನ್ನು ನೆಲದ ಫರಸಿ ಕಲ್ಲಿನ ಮೇಲೆ ಬಿಟ್ಟರು. ಠಣ್ ಎಂದಿತು.

"ನಾದ ಕೇಳದೇ ನಾವು ಚಾಂದಿ ತಗೊಳಂಗಿಲ್ರಿ. ಖರೇ ಚಾಂದಿನೇ ಅದ."

ನನಗೆ ಜೀವ ಬಂದಂತಾಯಿತು. ಅವರು ನಾಣ್ಯ ಎತ್ತಿ ಅಂಚು ತೋರಿಸಿದರು.

"ಆದ್ರ ಇಲ್ಲಿ ಪೆಟ್ಟು ಬಿದ್ದದ ನೋಡ್ರಿ. ಇಂಥಾದು ದೇವರ ಮುಂದ ಇಡಬಾರದು. ಬ್ಯಾರೇದು ಕೊಡ್ರಿ."

೩. ಪಾಲಿಶ್

ಅಕ್ಕನ ಗಂಡ ಶಹಾಬಾದದಲ್ಲಿ ಫರಸಿ ಪಾಲಿಶ್ ಮಾಡುವವರು. ನನ್ನ ಸಂಕಟ ಕೇಳಿ, "ಕಲ್ಲಿನಾಗ ಮಾರಿ ಕಾಣೋಹಂಗ ಮಾಡಾವ ನಾ. ಒಂದು ಚುಕ್ಕಿ ಏನು ದೊಡ್ಡದು?" ಎಂದು ನಾಣ್ಯ ಒಯ್ದರು. ಬೇಡವೆನ್ನಬೇಕಿತ್ತು. ಅನ್ನಲಿಲ್ಲ, ಅದು ನನ್ನ ತಪ್ಪು.

ಎರಡು ದಿನಕ್ಕೆ ತಂದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಚುಕ್ಕೆ ಇಲ್ಲ, ಅಂಚಿನ ಪೆಟ್ಟಿಲ್ಲ.

"ಮಾಮಾ, ಲಕ್ಷ್ಮಿ ಎಲ್ಲಿ?"

"ಮೂಗು ಭಾಳ ಮ್ಯಾಲ ಎದ್ದಿತ್ತು. ಮಟ್ಟ ಮಾಡೀನಿ. ಹಿಂದ ಅಕ್ಷರನೂ ಎದ್ದಿದ್ದವು, ಅವೂ ಸಪಾಟ ಆದವು."

ಅವರು ಇನ್ನೂ ಚಹಾ ಕುಡಿಯುತ್ತಿರುವಾಗಲೇ ಚಿತ್ತಾಪುರದ ಮಾಸ್ತರರು ಬಂದರು. ಬೇರೆಲ್ಲೂ ಆ ವರ್ಷದ ನಾಣ್ಯ ಸಿಕ್ಕಿರಲಿಲ್ಲವಂತೆ.

"ಚುಕ್ಕಿ ಇದ್ರ ಇರ್ಲಿ. ಅದನ್ನೇ ಕೊಡ್ರಿ," ಎಂದರು ಸೋತ ದನಿಯಲ್ಲಿ.

ಬೇರೆ ದಾರಿಯಿರಲಿಲ್ಲ, ಕೊಟ್ಟೆ. ಭೂತಗನ್ನಡಿ ಹಿಡಿದು ಒಂದು ಬದಿ ನೋಡಿದರು. ತಿರುವಿ ಇನ್ನೊಂದು ಬದಿ ನೋಡಿದರು. ಮತ್ತೆ ತಿರುವಿದರು.

"ಚುಕ್ಕಿ ಇಲ್ಲ, ಒಪ್ಪತೀನಿ," ಎಂದರು. "ಈಗ ಮಾರಿ ಯಾವದು, ಬೆನ್ನು ಯಾವದು, ಅಷ್ಟು ಹೇಳಿಬಿಡ್ರಿ."