ಆರ್ಕಿಡ್ಡಿನ ಬಾಣಂತನ

ಬಿಸಿಲೂರಿನವರಿಗೆ ಒಂದು ಜಂಬವಿರುತ್ತದೆ: ಲೋಕದಲ್ಲಿ ಏನೇ ಕೆಟ್ಟರೂ ಬಿಸಿಲೇ ಕಾರಣ ಎಂದು. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷ ಬೆಂದ ಗುಮಾಸ್ತನಾದ ನನಗಂತೂ ಅದು ತುಸು ಹೆಚ್ಚು. ಯಾದಗಿರಿಯ ಮದುವೆಯೊಂದರಲ್ಲಿ ನನ್ನ ಹೆಂಡತಿ ಶಾಂತಾ ಊಟ ಮರೆತು ನೇರಳೆ ಆರ್ಕಿಡ್ ಹೂಗಿಡದ ಮುಂದೆ ನಿಂತುಬಿಟ್ಟಳು. "ಇಂಥಾದೊಂದು ನಮ್ಮ ಮನ್ಯಾಗ ಇದ್ರ ಎಷ್ಟ ಚಂದ ಅಲ್ರೀ?" ಎಂದಳು. ಬಾಯಿಬಿಟ್ಟು ಏನನ್ನೂ ಕೇಳದವಳು ಕೇಳಿದ್ದಳು. ದೂರದ ಗುಡ್ಡದೂರಿನ ನರ್ಸರಿಯಿಂದ ಒಂದು ಗಿಡ ತರಿಸಿದೆ. ದಾರಿಯಲ್ಲಿ ಬಿಸಿಲಿಗೆ ಬಾಡಬಾರದೆಂದು, ಬಹಳ ಜಾಣತನದಿಂದ, ಚಳಿ ಕೊರೆಯುವ ಪುಷ್ಯಮಾಸವನ್ನೇ ಆರಿಸಿದ್ದೆ.

ಪೆಟ್ಟಿಗೆ ಬಿಚ್ಚಿದರೆ ಎಲೆಗಳು ಬೇಯಿಸಿದ ಪಾಲಕ್ ಸೊಪ್ಪಿನಂತೆ ನೀರುನೀರಾಗಿ ಜೋತುಬಿದ್ದಿದ್ದವು, ಮೊಗ್ಗೆಲ್ಲ ಉದುರಿತ್ತು. ಥಂಡಿ ಹೊಡೆದಿತ್ತು. ಶಾಂತಾ ಮೊಗ್ಗುಗಳನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಂಡಳು. ಬೈದಿದ್ದರೆ ಬಚಾವಾಗುತ್ತಿದ್ದೆ. ಥಂಡಿಗೆ ಬಿಸಿಲೇ ಮದ್ದೆಂದು ಕುಂಡವನ್ನು ಅಂಗಳಕ್ಕೆ ಒಯ್ದು, ಒಂದು ಕೈಯಲ್ಲಿ ಗೊಬ್ಬರ, ಇನ್ನೊಂದರಲ್ಲಿ ತಣ್ಣೀರಿನ ಚರಿಗೆ ಹಿಡಿದಿದ್ದೆ. ಅವ್ವ ಒಳಗಿನಿಂದಲೇ ಚೀರಿದಳು.

"ಏ ತಮ್ಮಾ, ಹಸೀ ಬಾಣಂತಿಗಿ ಯಾರರ ಹಿಂಗ ಮಾಡ್ತಾರೇನು? ಒಳಗ ತಾ. ಗಾಳಿ ಬ್ಯಾಡ, ಬಿಸಿಲು ಬ್ಯಾಡ, ತಣ್ಣೀರು ಮುಟ್ಟಿಸಬ್ಯಾಡ. ಈಗ ತಿನ್ನಾಕೂ ಏನೂ ಕೊಡಬ್ಯಾಡ. ಮೊದಲ ಜೀವಾ ಹಿಡೀಲಿ."

ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಹಳೆ ಸೀರೆಯ ಪರದೆ ಬಿತ್ತು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು. ಕಪ್ಪಾದ ಎಲೆ ಕತ್ತರಿಸಹೋದರೆ "ತಡೀ, ತಾನ ಒಣಗ್ತದ" ಎನ್ನುತ್ತಿದ್ದಳು ಅವ್ವ. ನನ್ನ ಪಾಲಿಗೆ ಉಳಿದದ್ದು ಕ್ಷೇಮಸಮಾಚಾರ ಮಾತ್ರ. ದಿನಾ ಆಫೀಸಿಗೆ ಹೋಗುವ ಮುನ್ನ ಪರದೆ ಸರಿಸಿ, "ಹ್ಯಾಂಗದೀ? ನಿದ್ದಿ ಬಂತಾ?" ಎಂದು ಕೇಳುತ್ತಿದ್ದೆ. ಕೇಳದೆ ಹೋದ ದಿನ ಫೈಲಿನ ಮೇಲೆ ಗಮನವೇ ಇರುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಬುಡದಲ್ಲಿ ಹೆಸರುಕಾಳಿನಷ್ಟು ಹಸಿರು ಬೇರು ಇಣುಕಿತ್ತು. ನನ್ನ ಕೂಗಿಗೆ ಓಡಿಬಂದ ಶಾಂತಾ ಬಗ್ಗಿ ನೋಡಿದಳು. ಅವಳ ಕಣ್ಣು ತುಂಬಿತು.

"ಬದುಕ್ಯಾಳ" ಎಂದಳು. ಆಮೇಲೆ ಮೆಲ್ಲಗೆ, "ನಮ್ಮ ಸಣ್ಣಾಕಿ ಹುಟ್ಟಿದಾಗ ನಾನೂ ಇದೇ ಮೂಲ್ಯಾಗ ಮಲಗಿದ್ದೆ. ನೀವು ಬಾಗಿಲಾಗ ನಿಂತು 'ಕೂಸು ಹ್ಯಾಂಗದ' ಅಂತಿದ್ರಿ. ನನಗ ಒಂದಿನಾನೂ ಕೇಳಿದ್ದಿಲ್ಲ."

ದೂರುವ ದನಿಯಲ್ಲ ಅದು. ಅದಕ್ಕೇ ನನಗೆ ಹೆಚ್ಚು ತಾಗಿತು.

ಮರುದಿನ ಪರದೆಯ ಬಳಿ ನಿಲ್ಲದೆ ನೇರ ಅಡುಗೆಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದವಳನ್ನು, "ಶಾಂತಾ, ಹ್ಯಾಂಗದೀ? ನಿದ್ದಿ ಬಂತಾ?" ಎಂದು ಕೇಳಿದೆ. ಅವಳು ಗಾಬರಿಯಾಗಿ ಹಿಟ್ಟಿನ ಕೈಯನ್ನು ನನ್ನ ಹಣೆಗಿಟ್ಟಳು.

"ಅತ್ತೀ, ಬರ್ರಿ ಇಲ್ಲಿ! ಇವರಿಗೂ ಥಂಡಿ ಹೊಡದದ!"

"ಮೂಲ್ಯಾಗ ಕೂಡಸವಾ," ಎಂದಳು ಅವ್ವ, "ವಾರಕ್ಕೊಮ್ಮಿ ನೀರು ಸಾಕು."

ಶಾಂತಾ ನಕ್ಕಳು. ಕೈ ಮಾತ್ರ ತೆಗೆಯಲಿಲ್ಲ. ಜ್ವರವಿಲ್ಲವೆಂದು ನಾನೂ ಹೇಳಲಿಲ್ಲ.