ಬುಕ್ಕಾಂಬುಧಿಗೆ ಸಮುದ್ರ ಬರುವ ದಿನ ತಿಳಿಸಬೇಕಾಗಿ ಕೋರಿಕೆ

ಬುಕ್ಕಾಂಬುಧಿ ಕೆರೆ ಏರಿ,
ಅಜ್ಜಂಪುರ ಹೋಬಳಿ.
12 ಮೇ 1979

ಕಡಲತೀರದ ಕೆಫೆಗಳ ನಕ್ಷೆ ಬರೆಯುವ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಸ್ಕೇಲು ಪೆನ್ಸಿಲುಗಳೂ ಕ್ಷೇಮವೆಂದು ನಂಬಿ, ಇಪ್ಪತ್ತು ವರ್ಷದಿಂದ ಈ ಏರಿಯ ಮೇಲೆ ಟೀ, ಮಂಡಕ್ಕಿ, ಮೆಣಸಿನಕಾಯಿ ಬೋಂಡ ಮಾರಿಕೊಂಡು ಬಂದಿರುವ ಓಂಕಾರಮೂರ್ತಿಯಾದ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಾವು ನಮಗೆ ದಯಪಾಲಿಸಿರುವ ‘ಸ್ಥಳೀಯ ಶೈಲಿಯ ಕಡಲತೀರದ ಕೆಫೆ’ಯ ನಕ್ಷೆಯನ್ನು ಪಂಚಾಯಿತಿ ಬಾಗಿಲಿಗೆ ಅಂಟಿಸಿದ್ದಾರೆ, ಊರಿಗೆ ಊರೇ ನಿಂತು ನೋಡಿದೆ. ಅದಕ್ಕೆ ಜಾಗ ಮಾಡಲು ನನ್ನ ಹೋಟೆಲನ್ನು ಜೂನ್ ಒಂದರಂದು ಕೆಡವಲಾಗುವುದು ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುವುದನ್ನೂ ನೋಡಿದೆ.

ನಮ್ಮಲ್ಲಿರುವುದು ಕೆರೆಯೊಂದೇ ಆದರೂ, ಊರ ಹೆಸರಿನಲ್ಲಿರುವ ಅಂಬುಧಿ ಎಂದರೆ ಸಮುದ್ರವೆಂದು ನಿಘಂಟಿನಲ್ಲಿಯೇ ಇರುವಾಗ ತಪ್ಪು ತಮ್ಮದೆಂದು ಯಾರೂ ಹೇಳುವಂತಿಲ್ಲ. ಕೆರೆಗೆ ಅಷ್ಟು ದೊಡ್ಡ ಹೆಸರಿಟ್ಟವರು ಈಗ ಇಲ್ಲ, ಇದ್ದಿದ್ದರೆ ಅವರಿಂದಲೇ ಸಮಜಾಯಿಷಿ ಕೇಳಬಹುದಿತ್ತು.

ಉಬ್ಬರದ ನೀರು ಒಳಗೆ ನುಗ್ಗದಿರಲೆಂದು ಕಟ್ಟಡವನ್ನು ತಾವು ನಾಲ್ಕಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿರುವುದನ್ನು ಕಂಡು ನಮ್ಮ ಗಾರೆ ಕೆಲಸದ ಅಂಜಿನಪ್ಪ, “ಇದಕ್ಕೆ ಕಾಲ್ಯಾಕ್ ಕಣ್ರೀ, ಎಲ್ಲಿಗಾದ್ರೂ ಹೋಗ್ತದಾ?” ಎಂದು ಕೇಳಿದ, ಅವನಿಗೆ ಓದು ಕಡಿಮೆ, ಕ್ಷಮಿಸಬೇಕು. ಕಡಲ ಗಾಳಿಗೆಂದು ಪಶ್ಚಿಮಕ್ಕೆ ಬಿಟ್ಟಿರುವ ಹತ್ತಡಿ ಅಗಲದ ತೆರವಿನ ನೇರಕ್ಕೆ ರೇವಣಪ್ಪನ ತಿಪ್ಪೆಗುಂಡಿ ಇರುವುದರಿಂದ ಗಾಳಿಗಂತೂ ಕೊರತೆಯಾಗದು. ನಕ್ಷೆಯಲ್ಲಿರುವ ದೋಣಿ ಕಟ್ಟುವ ಗೂಟಗಳಿಗೆ ಯಾರ ಯಾರ ಎಮ್ಮೆ ಕಟ್ಟುವುದೆಂದು ಈಗಲೇ ಗೊತ್ತುಮಾಡಿಕೊಂಡಿದ್ದೇವೆ. ಆದರೆ ತೆಂಗಿನ ಗರಿಯ ಸೂರೊಂದು ಸ್ವಲ್ಪ ತೊಡಕು, ಏಕೆಂದರೆ ನಮ್ಮ ಕಡೆ ಗರಿ ಹೆಣೆದು ಹೊದಿಸುವುದು ಮದುವೆ ಚಪ್ಪರಕ್ಕೆ; ಬಸ್ಸಿಳಿದವರೆಲ್ಲ ಹೆಣ್ಣು ಯಾರ ಮನೆಯದು ಎಂದು ವಿಚಾರಿಸಿ ಊಟಕ್ಕೇ ಕೂತುಬಿಟ್ಟಾರು.

ಇಷ್ಟೆಲ್ಲ ಸಿದ್ಧವಾದ ಮೇಲೆ ಉಳಿದಿರುವುದು ಸಮುದ್ರ ಮಾತ್ರ. ಅದನ್ನು ಘಾಟಿ ಹತ್ತಿಸಿ ಕಳಿಸುವ ದಿನವನ್ನು ಒಂದು ವಾರ ಮುಂಚಿತವಾಗಿ ತಿಳಿಸಿದರೆ, ಏರಿಯ ಕೆಳಗಿರುವ ಹುಲ್ಲಿನ ಬಣವೆಗಳನ್ನು ಎತ್ತಿಟ್ಟುಕೊಳ್ಳುತ್ತೇವೆ. ಉಬ್ಬರವನ್ನು ಅಜ್ಜಂಪುರದ ಸಂತೆಯ ದಿನ ಇಟ್ಟುಕೊಳ್ಳಬಾರದೆಂದೂ, ಅಲೆಗಳು ಬೆಳಗಿನ ಬಸ್ಸು ಹೋದ ನಂತರವೇ ಏಳಬೇಕೆಂದೂ ವಿನಂತಿ. ನನ್ನ ಮನೆಯವಳು ವಿಶಾಲಾಕ್ಷಮ್ಮನಂತೂ, “ಬಂದ್ರೆ ಬರ್ಲಿ ಬಿಡ್ರೀ, ಉಪ್ಪು ತರೋದಾದ್ರೂ ತಪ್ತದೆ” ಎಂದು ಖುಷಿಯಾಗಿದ್ದಾಳೆ.

ಸ್ಥಳೀಯ ಶೈಲಿ ಎಂಬ ಮಾತು ಬಂದದ್ದರಿಂದ ಒಂದು ವಿಷಯ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹೋಟೆಲಿಗಿರುವುದು ಎರಡಡಿ ದಪ್ಪದ ಮಣ್ಣಿನ ಗೋಡೆ, ನಾಡಹೆಂಚು, ಮುಂದುಗಡೆ ನಮ್ಮಪ್ಪ ಹಾಕಿಸಿದ ಕಲ್ಲುಚಪ್ಪಡಿಯ ಜಗಲಿ, ಇಷ್ಟೇ. ಟೀ ಕುಡಿಯದವರೂ ಆ ಜಗಲಿಯ ಮೇಲೆ ಕೂರುತ್ತಾರೆ. ಬುತ್ತಿ ಬಿಚ್ಚುತ್ತಾರೆ, ಜಗಳ ಆಡುತ್ತಾರೆ, ಜಗಳ ಬಿಡಿಸಿಕೊಂಡು ಹೋಗುತ್ತಾರೆ. ತಮ್ಮ ಕೆಫೆಯಲ್ಲಿ ನಲವತ್ತು ಕುರ್ಚಿಗಳಿವೆ, ಸುಮ್ಮನೆ ಕೂರಲು ಜಾಗ ಎಲ್ಲಿಯೂ ಇಲ್ಲ. ಇಷ್ಟು ಹೊತ್ತು ತಮಾಷೆ ಮಾಡಿದೆನೆಂದು ತಾವು ತಿಳಿದಿರಬಹುದು, ಆ ಜಗಲಿಗೆ ಹಾರೆ ಬೀಳುವುದು ಮಾತ್ರ ನನಗೆ ತಮಾಷೆಯಲ್ಲ. ಆದ್ದರಿಂದ ಸಮುದ್ರ ಬಂದು ತಲುಪುವವರೆಗಾದರೂ ಹೋಟೆಲನ್ನು ಕೆಡವಬಾರದೆಂದು ಬೇಡಿಕೊಳ್ಳುತ್ತೇನೆ.

ಅಲೆಗಳ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಓಂಕಾರಮೂರ್ತಿ

ತಾ.ಕ.: ಹೋದ ತಿಂಗಳು ತಾವು ಸ್ಥಳ ಪರಿಶೀಲನೆಗೆ ಬಂದಿದ್ದಾಗ ಬಿಸಿಲು ತಡೆಯಲಾರದೆ ನಮ್ಮ ಜಗಲಿಯ ಮೇಲೆ ಗೋಡೆಗೊರಗಿ ಎರಡು ಗಂಟೆ ಕಾಲ ಗೊರಕೆ ಹೊಡೆದು, ಎದ್ದು, “ಇಲ್ಲಿ ಇಷ್ಟು ತಂಪು ಹೇಗ್ರೀ?” ಎಂದು ಕೇಳಿದಿರಿ, ಉತ್ತರ ಕೇಳುವ ಮೊದಲೇ ಜೀಪು ಹತ್ತಿದಿರಿ. ತಮ್ಮ ತಲೆಯೆಣ್ಣೆಯ ಗುರುತು ಗೋಡೆಯ ಮೇಲೆ ಇನ್ನೂ ಗುಂಡಗೆ ಹಾಗೆಯೇ ಇದೆ. ಸುಣ್ಣ ಬಳಿಯಲು ಹೋದರೆ ವಿಶಾಲಾಕ್ಷಮ್ಮ ಬಿಡುತ್ತಿಲ್ಲ. “ಮುಟ್ಬ್ಯಾಡ್ರೀ, ಸಾಹೇಬ್ರು ಮಂಜೂರು ಮಾಡಿ ಮೊಹರು ಹಾಕವ್ರೆ” ಎನ್ನುತ್ತಾಳೆ.