ತಣ್ಣಗಾಗದ ಮಾದರಿ

ವರ್ಷವಿಡೀ ನೆಲ ಹೆಪ್ಪುಗಟ್ಟಿರುವ ಹಿಮನಾಡು ಯಾಕುತಿಯಾದ ಮೂಸ್-ಕ್ಯುಯೊಲ್ ಹಳ್ಳಿಯ ನೆಲದೊಳಗಿನ ಮಂಜುಗಡ್ಡೆ ಕರಗಿಲ್ಲ ಎಂಬ ವಿಷಯದಲ್ಲಿ ಜಿಲ್ಲಾಡಳಿತಕ್ಕೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆದ್ದರಿಂದ ಅಲ್ಲಿನ ತುಯಾರಾ ಎಂಬವಳ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನಿಂತಿದ್ದ ನೀರನ್ನು "ತಾತ್ಕಾಲಿಕವಾಗಿ ದ್ರವರೂಪ ತಾಳಿದ ಮಂಜುಗಡ್ಡೆ" ಎಂದೇ ಪರಿಗಣಿಸತಕ್ಕದ್ದೆಂದು ಆದೇಶವಾಗಿತ್ತು.

ಹೆಪ್ಪುಗಟ್ಟಿದ ಮಣ್ಣಿನಲ್ಲಿ ತೋಡಿದ ಆ ನೆಲಮಾಳಿಗೆಯಲ್ಲಿ ಅವಳ ಅಜ್ಜಿಯ ಕಾಲದಿಂದಲೂ ಕುದುರೆ ಮಾಂಸ ಇಡುತ್ತಿದ್ದರು. ಈ ಬೇಸಿಗೆಯಲ್ಲಿ ಅಲ್ಲಿಗೊಂದು ಸರಕಾರಿ ಅತಿಥಿ ಬಂದಿತ್ತು. ಹಿಮಯುಗದ ಆನೆಗಳ ದಂತ ಹುಡುಕಿ ನದಿದಂಡೆ ಅಗೆಯುವವರಿಗೆ ಸಿಕ್ಕ, ಸಾವಿರಾರು ವರ್ಷ ಮಂಜಿನಲ್ಲಿ ಹೂತಿದ್ದ ಕಾಡುಕೋಣದ ಕರು, ಕೂದಲು ಸಮೇತ. ಮಂತ್ರಿಗಳು ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ತನಕ ಅದನ್ನು ಜೋಪಾನ ಮಾಡಬೇಕೆಂದು ಆರೋಗ್ಯಾಧಿಕಾರಿ ಗವ್ರೀಲ್ ಪ್ರೊಕೊಪ್ಯೆವಿಚ್ ಅಪ್ಪಣೆ ಮಾಡಿದ್ದರು. ಮಂತ್ರಿಗಳು ಬರಲಿಲ್ಲ, ಕರು ಕೊಳೆಯಿತು. ನೀರಿನಿಂದ ಅದನ್ನು ಬರಿಗೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟ ತುಯಾರಾಳ ಗಂಡ ದ್ಯುಲುಸ್ತಾನ್ ಹಾಸಿಗೆ ಹಿಡಿದ. ಮೈಯೆಲ್ಲ ಕಪ್ಪು ಬೊಕ್ಕೆ, ಸುಡುವ ಜ್ವರ.

ಬೇಸಿಗೆಯಲ್ಲಿ ಸುತ್ತ ಜೌಗು, ಆಸ್ಪತ್ರೆಗೆ ಹೆಲಿಕಾಪ್ಟರ್ ಒಂದೇ ದಾರಿ. ತುಯಾರಾ ಅಧಿಕಾರಿಯ ಮುಂದೆ ಹೋಗಿ ನಿಂತಳು.

"ಆ ಕರು ಮುಟ್ಟಿದ್ಮೇಲೇ ಹಿಂಗಾಗಿರೋದು. ಯಾವುದೋ ಹಳೇ ವೈರಸ್ಸಂತೆ, ಗವ್ರೀಲ್ ಪ್ರೊಕೊಪ್ಯೆವಿಚ್."

"ನೋಡಮ್ಮ, ವೈರಸ್ಸು ಹೊರಗೆ ಬರ್ಬೇಕಾದ್ರೆ ಮಂಜು ಕರಗ್ಬೇಕು. ಮಂಜು ಕರಗಿಲ್ಲ. ಅಂದ್ಮೇಲೆ ನಿನ್ ಗಂಡ ಗಟ್ಟಿಮುಟ್ಟಾಗಿದಾನೆ. ಗಟ್ಟಿಮುಟ್ಟಾಗಿರೋರಿಗೆಲ್ಲ ಹೆಲಿಕಾಪ್ಟರ್ ಕೊಡೋಕಾಗತ್ತಾ?"

"ಹೌದಾ? ಹಾಗಾದ್ರೆ ಬನ್ನಿ, ಬಂದು ಅವನ ಕೈ ಕುಲುಕಿ ಹೋಗಿ."

ಅಧಿಕಾರಿ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರಿಗೆ ಬೇರೆ ಕೆಲಸವಿತ್ತು.

ಎರಡು ದಿನಕ್ಕೆ ಹೆಲಿಕಾಪ್ಟರ್ ಬಂದೇ ಬಂತು, ಕರುವಿಗಾಗಿ. ರಾಜಧಾನಿಯ ಪ್ರಯೋಗಾಲಯಕ್ಕೆ ವೈಜ್ಞಾನಿಕ ಮಾದರಿಗಳನ್ನು ಮಾತ್ರ ಒಯ್ಯಲಾಗುವುದೆಂದು ಧ್ವನಿವರ್ಧಕದಲ್ಲಿ ಸಾರಿದರು. ಸತ್ತ ಕರುವಿಗೆ ಸೀಟು, ಬದುಕಿರುವ ಗಂಡನಿಗಿಲ್ಲ! ತುಯಾರಾ ಹಲ್ಲು ಕಚ್ಚಿಕೊಂಡು ಅಧಿಕಾರಿಯನ್ನು ಮೆತ್ತಗೆ ಕೇಳಿದಳು:

"ಕರುವಿನಲ್ಲಿ ಇರೋದೇ ಇವನಲ್ಲೂ ಇದೆ. ಇವನನ್ನೂ ಮಾದರಿ ಅಂತ್ಲೇ ಬರ್ಕೊಳ್ಳಿ."

"ಮೊದ್ಲೇ ಹೀಗೆ ಹೇಳ್ಬಾರ್ದಿತ್ತಾ!" ಅಧಿಕಾರಿಯ ಮುಖ ಅರಳಿತು. "ನಾವೇನು ಕಟುಕರಾ?"

ದ್ಯುಲುಸ್ತಾನ್‌ನ ಕಾಲ್ಬೆರಳಿಗೆ ಚೀಟಿ ಕಟ್ಟಿದರು. ಹೆಲಿಕಾಪ್ಟರಿನ ಬಾಗಿಲ ತನಕ ಹೊತ್ತೂ ಒಯ್ದರು. ಅಲ್ಲಿ ಮುಸುಕುಧಾರಿ ಪರಿಶೀಲಕನೊಬ್ಬ ಕೋಲಿನ ತುದಿಗೆ ಕಟ್ಟಿದ ಥರ್ಮಾಮೀಟರನ್ನು ಅವನ ಕಂಕುಳಿಗೆ ಚಾಚಿ ನೋಡಿ ತಲೆಯಾಡಿಸಿದ. ಮಾದರಿಗಳು ಶೂನ್ಯಕ್ಕಿಂತ ತಣ್ಣಗಿರತಕ್ಕದ್ದು, ಇದು ನಲವತ್ತು ಡಿಗ್ರಿ ಇದೆ, ತಿರಸ್ಕರಿಸಲಾಗಿದೆ.

ಮಂಜು ಕರಗಿಲ್ಲವೆಂಬ ಆದೇಶದ ಪ್ರಕಾರ ತಣ್ಣಗೇ ಇದ್ದ ಕರು ಹಾರಿತು. ಅದರ ಪಕ್ಕದ ಸೀಟಿನಲ್ಲಿ ಗವ್ರೀಲ್ ಪ್ರೊಕೊಪ್ಯೆವಿಚ್ ಕೂತಿದ್ದರು. ಹತ್ತುವ ಮುಂಚೆ ಅವರು ತುಯಾರಾಳಿಗೆ ಮನಸಾರೆ ಧೈರ್ಯ ಹೇಳಿದ್ದರು: "ಬೇಜಾರು ಮಾಡ್ಕೋಬೇಡಮ್ಮ. ಇವನು ತಣ್ಣಗಾದ ಕೂಡ್ಲೇ ಹೇಳಿ ಕಳಿಸು. ಆಗ ಖಂಡಿತ ಹೆಲಿಕಾಪ್ಟರ್ ಬರತ್ತೆ."

ಇದು ನ್ಯಾಯವಾದ ಮಾತೆಂದು ಊರಿಗೆ ಊರೇ ಒಪ್ಪಿತು. ಮುಂದಿನ ಸಲ ತೊಂದರೆಯಾಗದಿರಲೆಂದು ಹೆಲಿಕಾಪ್ಟರ್ ಇಳಿಯುವ ಜಾಗವನ್ನು ಎಲ್ಲರೂ ಸೇರಿ ಸಮ ಮಾಡಿದರು. ಸಂಜೆ ಪಕ್ಕದ ಮನೆಯ ಮುದುಕ ಬಂದು ಬಾಗಿಲಲ್ಲೇ ನಿಂತು ಇಣುಕಿದ. ತುಯಾರಾ ಗಂಡನ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದಳು.

"ಆಗ್ಲೇ ಶುರು ಮಾಡಿದ್ಯಾ?" ಎಂದ ಮುದುಕ, ಮೆಚ್ಚಿಗೆಯಿಂದ. "ಒಳ್ಳೇದಾಯ್ತು ಬಿಡು."